ಲಾಕ್ ಹಿಡಿದ ಥ್ರೆಡ್ಡಿಗೆ ಐದು ಮೈಕ್ರೊಸೆಕೆಂಡ್ ಕೊಡಿಸುವುದು ಹೇಗೆ?

ಎಂಟು ಕೋರ್‌ಗಳ ಲಿನಕ್ಸ್ ಸರ್ವರ್. ಹದಿನಾರು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳು) ಒಂದೇ ಸ್ಪಿನ್‌ಲಾಕ್‌ಗೆ ಮುಗಿಬಿದ್ದಿವೆ: ಒಮ್ಮೆಗೆ ಒಂದು ಥ್ರೆಡ್ಡಿಗೇ ಸಿಗುವ, ಸಿಗುವ ತನಕ ಉಳಿದವು ಮಲಗದೆ ಸುತ್ತುತ್ತಾ ಕಾಯುವ ಬೀಗ. ಲಾಕ್ ಸಿಕ್ಕ ಮೇಲೆ ಮಾಡಬೇಕಾದ್ದು ಅಲ್ಪ: ಒಂದು ಎಣಿಕೆ ಹೆಚ್ಚಿಸುವುದು, ಎರಡು ಪಾಯಿಂಟರ್ ಬದಲಿಸುವುದು. ಒಂದು ಮೈಕ್ರೊಸೆಕೆಂಡ್ ಸಾಕು. ಸರಿಯಾಗಿ ಆ ಹೊತ್ತಿಗೇ ಥ್ರೆಡ್ಡಿನ ಸರದಿ ಮುಗಿದರೆ ಶೆಡ್ಯೂಲರ್ (ಯಾರಿಗೆ ಯಾವಾಗ ಸಿಪಿಯು ಎಂದು ನಿರ್ಧರಿಸುವ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಭಾಗ) ಅದನ್ನು ಸಿಪಿಯುನಿಂದ ಇಳಿಸಿ ಬೇರೊಂದನ್ನು ಹತ್ತಿಸುತ್ತದೆ; ಲಾಕ್ ಮಾತ್ರ ಇಳಿದ ಥ್ರೆಡ್ಡಿನ ಬಳಿಯೇ ಉಳಿಯುತ್ತದೆ. ಕೋಣೆಯ ಕೀಲಿಕೈ ಜೇಬಲ್ಲಿಟ್ಟುಕೊಂಡವನನ್ನೇ ಬಸ್ಸು ಹತ್ತಿಸಿ ಊರಿಗೆ ಕಳಿಸಿದ ಹಾಗೆ. ಇಂಥ ಯಂತ್ರದಲ್ಲಿ ಒಂದು ಸರದಿ ಸಾಮಾನ್ಯವಾಗಿ ಸುಮಾರು 3 ಮಿಲಿಸೆಕೆಂಡ್. ಅಷ್ಟೂ ಹೊತ್ತು ಉಳಿದ ಥ್ರೆಡ್‌ಗಳು ಬರಿದೇ ಸುತ್ತುತ್ತಿರುತ್ತವೆ. ಪೋಸ್ಟ್‌ಗ್ರೆಸ್ ತರಹದ, ತನ್ನದೇ ಸ್ಪಿನ್‌ಲಾಕ್ ಇಟ್ಟುಕೊಂಡ ಡೇಟಾಬೇಸ್‌ಗಳಿಗೆ ಇದು ನಿಜವಾದ ತಲೆನೋವು.

ಪರಿಹಾರದ ಯೋಚನೆ ಹಳೆಯದು. ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ‘ಶೆಡ್‌ಸಿಟಿಎಲ್’ ಎಂಬ ಸೌಲಭ್ಯ ಬಹುಕಾಲದಿಂದ ಇದೆ: ‘ಈಗ ನನ್ನನ್ನು ಇಳಿಸಬೇಡ’ ಎಂಬ ಸೂಚನೆಯನ್ನು ಪ್ರೋಗ್ರಾಮ್ ಕರ್ನಲ್ ಜೊತೆ ಹಂಚಿಕೊಂಡ ಮೆಮೊರಿಯಲ್ಲಿ ಬರೆದಿಡುತ್ತದೆ. 2014ರಲ್ಲಿ ಒರಾಕಲ್‌ನ ಖಾಲಿದ್ ಅಜೀಜ್ ಇದನ್ನು ಲಿನಕ್ಸ್‌ಗೆ ತರಲು ಪ್ಯಾಚ್ ಕಳಿಸಿದರು. ಅದು ಒಳಗೆ ಹೋಗಲಿಲ್ಲ. 2023ರಲ್ಲಿ ಕರ್ನಲ್ ಡೆವಲಪರ್ ಸ್ಟೀವನ್ ರೋಸ್ಟೆಡ್ ಮತ್ತೆ ಚರ್ಚೆ ಎಬ್ಬಿಸಿದರು. ಕೊನೆಗೆ ಇನ್ನೊಬ್ಬ ಕರ್ನಲ್ ಡೆವಲಪರ್ ಥಾಮಸ್ ಗ್ಲೈಕ್ಸ್‌ನರ್ ಬರೆದ ರೂಪ ಲಿನಕ್ಸ್ 7.0ರಲ್ಲಿ ಸೇರಿತು. ವರ್ಷಗಟ್ಟಲೆ ತಡವಾದದ್ದು ಸುಮ್ಮನೆ ಅಲ್ಲ. ಸಾಮಾನ್ಯ ಬಳಕೆದಾರನ ಪ್ರೋಗ್ರಾಮ್ ಶೆಡ್ಯೂಲರ್‌ಗೆ ‘ತಡಿ’ ಅನ್ನಬಹುದಾದರೆ, ದುರುಪಯೋಗ ತಡೆಯುವ ಬೇಲಿಯೂ ಗಟ್ಟಿಯಾಗಿರಬೇಕು. ಆ ಬೇಲಿ ಎಲ್ಲೆಲ್ಲಿದೆ ಎಂದು ತಿಳಿದುಕೊಂಡರೆ ಕೋಡ್ ಬರೆಯುವುದು ಸುಲಭ.

ಮೊದಲು ಬೇಕಾದ್ದು

ಕರ್ನಲ್ ಕಟ್ಟುವಾಗ ‘ಆರ್‌ಸೆಕ್ ಸ್ಲೈಸ್ ಎಕ್ಸ್‌ಟೆನ್ಶನ್’ ಆಯ್ಕೆ ಆನ್ ಆಗಿರಬೇಕು. ಬೂಟ್ ಆಜ್ಞೆಯಲ್ಲಿ ಅದನ್ನು ಆಫ್ ಮಾಡಿರಬಾರದು. ಏನೂ ಹೇಳದಿದ್ದರೆ ಆನ್ ಆಗಿಯೇ ಇರುತ್ತದೆ. ಜೊತೆಗೆ ಪ್ರತಿ ಥ್ರೆಡ್ಡಿಗೂ ‘ಆರ್‌ಸೆಕ್’ ಎಂಬ ಪುಟ್ಟ ಮೆಮೊರಿ ತುಣುಕು ಕರ್ನಲ್‌ನಲ್ಲಿ ನೋಂದಣಿಯಾಗಿರಬೇಕು. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.35ನೇ ಆವೃತ್ತಿಯಿಂದ ಈಚೆಗೆ ಪ್ರತಿ ಥ್ರೆಡ್ ಹುಟ್ಟುವಾಗ ಲೈಬ್ರರಿಯೇ ಈ ನೋಂದಣಿ ಮುಗಿಸುತ್ತದೆ. ತುಣುಕು ಎಲ್ಲಿದೆ ಎಂಬುದನ್ನೂ ಜಿಲಿಬ್‌ಸಿಯೇ ಹೇಳುತ್ತದೆ: ಥ್ರೆಡ್ ಪಾಯಿಂಟರ್‌ಗೆ ಅದು ಕೊಡುವ ಆಫ್‌ಸೆಟ್ ಕೂಡಿಸಿದರಾಯಿತು.

ಆಮೇಲೆ ಥ್ರೆಡ್ ಶುರುವಾದ ತಕ್ಷಣ ಒಮ್ಮೆ ‘ಪಿಆರ್‌ಸಿಟಿಎಲ್’ ಎಂಬ ಸಿಸ್ಟಂ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆ) ಕರೆದು ಸೌಲಭ್ಯ ಬೇಕೆಂದು ಹೇಳಬೇಕು. ಮುಖ್ಯ ಥ್ರೆಡ್ ಒಂದೇ ಕರೆದರೆ ಸಾಲದು, ಪ್ರತಿ ಥ್ರೆಡ್ಡೂ ತನ್ನ ಪಾಲಿನದನ್ನು ಕರೆಯಬೇಕು. ಸೊನ್ನೆ ಮರಳಿದರೆ ಗೆದ್ದಂತೆ. ‘ಈಇನ್ವಾಲ್’ ಎಂಬ ತಪ್ಪಿನ ಸಂಕೇತ ಬಂದರೆ ಕರ್ನಲ್‌ನಲ್ಲಿ ಸೌಲಭ್ಯವೇ ಇಲ್ಲ, ಅಥವಾ ಕೊಟ್ಟ ಆರ್ಗ್ಯುಮೆಂಟ್ ತಪ್ಪು. ‘ಈಎನ್‌ಎಕ್ಸ್‌ಐಓ’ ಬಂದರೆ ಸೌಲಭ್ಯ ಇದೆ, ಆರ್‌ಸೆಕ್ ನೋಂದಣಿ ಆಗಿಲ್ಲ. ಸೊನ್ನೆ ಬಾರದ ಥ್ರೆಡ್‌ನಲ್ಲಿ ಒಂದು ಗುರುತು ಇಟ್ಟುಕೊಂಡು ಹಳೆಯ ದಾರಿಯಲ್ಲೇ ಹೋಗಿ. ಈ ಸೌಲಭ್ಯ ಇಲ್ಲದಿದ್ದರೂ ಪ್ರೋಗ್ರಾಮ್ ಸರಿಯಾಗಿ ನಡೆಯಲೇಬೇಕು. ಇದು ಇರುವುದು ವೇಗಕ್ಕೆ; ಲಾಕ್‌ಗೆ ಬದಲಿ ಅಲ್ಲ.

ಕೋಡಿನ ಕ್ರಮ

ಆರ್‌ಸೆಕ್ ತುಣುಕಿನ ಒಳಗೆ ನಮಗೆ ಬೇಕಾದವು ಎರಡು ಬೈಟ್: ‘ರಿಕ್ವೆಸ್ಟ್’ ಮತ್ತು ‘ಗ್ರಾಂಟೆಡ್’. ಮೊದಲನೆಯದನ್ನು ನೀವು ಬರೆಯುತ್ತೀರಿ, ಎರಡನೆಯದನ್ನು ಕರ್ನಲ್ ಬರೆಯುತ್ತದೆ.

1. ‘ರಿಕ್ವೆಸ್ಟ್’ಗೆ 1 ಬರೆಯಿರಿ.
2. ಕಂಪೈಲರ್ ಬ್ಯಾರಿಯರ್ ಹಾಕಿ.
3. ಲಾಕ್ ಹಿಡಿದು, ಕೆಲಸ ಮುಗಿಸಿ, ಲಾಕ್ ಬಿಡಿ.
4. ಮತ್ತೊಂದು ಬ್ಯಾರಿಯರ್ ಹಾಕಿ.
5. ‘ರಿಕ್ವೆಸ್ಟ್’ಗೆ 0 ಬರೆಯಿರಿ.
6. ‘ಗ್ರಾಂಟೆಡ್’ ಓದಿ. ಅದು 1 ಆಗಿದ್ದರೆ ‘ಆರ್‌ಸೆಕ್ ಸ್ಲೈಸ್ ಯೀಲ್ಡ್’ ಸಿಸ್ಟಂ ಕಾಲ್ ಕರೆದು ಸಿಪಿಯು ಬಿಟ್ಟುಕೊಡಿ.

ನಡುವೆ ಇಂಟರಪ್ಟ್ (ಸಿಪಿಯುವಿನ ಕೆಲಸ ತಡೆದು ಕರ್ನಲ್ಲನ್ನು ಕರೆಯುವ ಸೂಚನೆ) ಬಂದು ಥ್ರೆಡ್ಡನ್ನು ಇಳಿಸಬೇಕಾದ ಪ್ರಸಂಗ ಬಂದರೆ ಕರ್ನಲ್ ‘ರಿಕ್ವೆಸ್ಟ್’ ನೋಡುತ್ತದೆ. ಅವಕಾಶ, ಅಂದರೆ ಐದು ಮೈಕ್ರೊಸೆಕೆಂಡ್ ಹೆಚ್ಚುವರಿ ಸಮಯ, ಕೊಡುವುದಾದರೆ ‘ರಿಕ್ವೆಸ್ಟ್’ ಅಳಿಸಿ, ‘ಗ್ರಾಂಟೆಡ್’ಗೆ 1 ಬರೆದು, ಒಂದು ಟೈಮರ್ ಹೂಡಿ ನಿಮ್ಮ ಕೋಡಿಗೇ ಮರಳುತ್ತದೆ. ಗಡುವಿನೊಳಗೆ ನೀವು ಬಿಟ್ಟುಕೊಡದಿದ್ದರೆ ಟೈಮರ್ ಬಡಿದು ಥ್ರೆಡ್ ಬಲವಂತವಾಗಿ ಇಳಿಯುತ್ತದೆ. ಕೊನೆಯಲ್ಲಿ ಎರಡೂ ಬೈಟ್ ಸೊನ್ನೆಯಾಗಿದ್ದರೆ, ಕೊಟ್ಟದ್ದನ್ನು ಕರ್ನಲ್ ಆಗಲೇ ವಾಪಸ್ ಪಡೆದಿದೆ ಎಂದರ್ಥ. ನೀವು ಮಾಡಬೇಕಾದ್ದು ಏನೂ ಇಲ್ಲ.

5 ಮತ್ತು 6ನ್ನು ಅದಲುಬದಲು ಮಾಡಬೇಡಿ. ಮೊದಲು ‘ಗ್ರಾಂಟೆಡ್’ ಓದಿ ಆಮೇಲೆ ‘ರಿಕ್ವೆಸ್ಟ್’ ಅಳಿಸಿದರೆ, ಆ ಎರಡರ ನಡುವಿನ ಸಂದಿಯಲ್ಲಿ ಬಂದ ಇಂಟರಪ್ಟ್ ಅವಕಾಶ ಕೊಟ್ಟಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅಟಾಮಿಕ್ ಸೂಚನೆಗಳು ಬೇಕಿಲ್ಲ, ಎಲ್ಲವೂ ಅದೇ ಸಿಪಿಯುವಿನಲ್ಲಿ ನಡೆಯುತ್ತದೆ. ಕಂಪೈಲರ್ ಮಾತ್ರ ಸಾಲುಗಳನ್ನು ಹಿಂದುಮುಂದು ಮಾಡದಂತೆ ಬ್ಯಾರಿಯರ್ ಬೇಕೇ ಬೇಕು. ‘ಗ್ರಾಂಟೆಡ್’ ಓದಿದ ಮರುಕ್ಷಣ ಕರ್ನಲ್ ಅದನ್ನು ಹಿಂಪಡೆದಿದ್ದರೆ ಸುಮ್ಮನೆ ಒಂದು ಸಿಸ್ಟಂ ಕಾಲ್ ಹೆಚ್ಚಾಯಿತು, ಅಷ್ಟೇ. ಅದನ್ನು ತಪ್ಪಿಸಲು ಹೋಗಿ ಕೋಡ್ ಜಟಿಲ ಮಾಡಿಕೊಳ್ಳಬೇಡಿ.

ಲಾಕ್‌ಗಾಗಿ ಸುತ್ತುವಾಗಲೂ ‘ರಿಕ್ವೆಸ್ಟ್’ ಹೊತ್ತಿಸಿಟ್ಟರೆ, ಸಿಕ್ಕ ಐದು ಮೈಕ್ರೊಸೆಕೆಂಡ್ ಕಾಯುವುದರಲ್ಲೇ ಕಳೆಯುತ್ತದೆ. ಲಾಕ್ ಸಿಕ್ಕ ಮೇಲೆ ಬರೆದರೆ ನಡುವೆ ಸಣ್ಣ ಸಂದಿ ಉಳಿಯುತ್ತದೆ. ಹಿಡಿಯುವ ಒಂದೊಂದು ಪ್ರಯತ್ನಕ್ಕೂ ಸರಿಯಾಗಿ ಮುಂಚೆ ಬರೆದು, ಸಿಗದಿದ್ದರೆ 5 ಮತ್ತು 6ನೇ ಹೆಜ್ಜೆ ಮುಗಿಸಿ ಮತ್ತೆ ಕಾಯುವುದೇ ಸರಿಯಾದ ದಾರಿ.

ಎಲ್ಲಿ ಕೈಕೊಡುತ್ತದೆ

ಹೆಚ್ಚಿನವರು ಎಡವುವುದು ಸಿಸ್ಟಂ ಕಾಲ್‌ನಲ್ಲಿ. ಅವಕಾಶ ಸಿಕ್ಕ ಮೇಲೆ ‘ಯೀಲ್ಡ್’ ಬಿಟ್ಟು ಬೇರೆ ಯಾವ ಸಿಸ್ಟಂ ಕಾಲ್ ಮಾಡಿದರೂ ಕರ್ನಲ್ ಅವಕಾಶ ರದ್ದು ಮಾಡಿ ಆ ಕ್ಷಣವೇ ಥ್ರೆಡ್ಡನ್ನು ಇಳಿಸುತ್ತದೆ, ಲಾಕ್ ಕೈಯಲ್ಲಿರುವಾಗಲೇ. ಕಾರಣ ಸರಳ: ಸಿಸ್ಟಂ ಕಾಲ್ ಎಷ್ಟು ಹೊತ್ತು ತಿನ್ನುತ್ತದೆಂದು ಮೊದಲೇ ಹೇಳಲಾಗದು. ಹಾಗಾಗಿ ಲಾಕ್ ಒಳಗೆ ಲಾಗ್ ಸಾಲು ಬರೆಯಬೇಡಿ. ಮೆಮೊರಿ ಪಡೆಯುವ ‘ಮ್ಯಾಲಕ್’ ಕೂಡ ಬೇಡ, ಅದು ಯಾವಾಗ ಕರ್ನಲ್‌ನಿಂದ ಹೊಸ ಮೆಮೊರಿ ಕೇಳುತ್ತದೋ ತಿಳಿಯದು. ಬೇಕಾದ ಮೆಮೊರಿಯನ್ನು ಲಾಕ್‌ಗೆ ಮುಂಚೆಯೇ ಪಡೆದು ಒಮ್ಮೆ ಮುಟ್ಟಿಟ್ಟರೆ ಪೇಜ್ ಫಾಲ್ಟ್ (ಇನ್ನೂ ಸಿದ್ಧವಿಲ್ಲದ ಮೆಮೊರಿ ಮುಟ್ಟಿದಾಗ ಕರ್ನಲ್ ನಡುವೆ ಬರುವುದು) ಕಾಟವೂ ಕಡಿಮೆಯಾಗುತ್ತದೆ.

ಒಂದರೊಳಗೊಂದು ಲಾಕ್ ಇದ್ದಾಗ, ಒಳಗಿನದನ್ನು ಬಿಟ್ಟ ಕೂಡಲೇ ‘ರಿಕ್ವೆಸ್ಟ್’ ಅಳಿಸಿ ಯೀಲ್ಡ್ ಕರೆದರೆ ಹೊರಗಿನ ಲಾಕ್ ಹಿಡಿದೇ ಇಳಿದಂತೆ. ಥ್ರೆಡ್ಡಿಗೊಂದು ಆಳದ ಎಣಿಕೆ ಇಟ್ಟು, ಅದು ಸೊನ್ನೆಗೆ ಇಳಿದಾಗ ಮಾತ್ರ ಕೊನೆಯ ಎರಡು ಹೆಜ್ಜೆ ಮಾಡಿ.

‘ಗ್ರಾಂಟೆಡ್’ ಬೈಟನ್ನು ಯಾವ ಕಾರಣಕ್ಕೂ ನೀವು ಬರೆಯಬೇಡಿ. ಬೈಟ್‌ಗಳ ಲೆಕ್ಕ ತಾಳೆಯಾಗದಿದ್ದರೆ ಕರ್ನಲ್ ಥ್ರೆಡ್ಡನ್ನು ‘ಸಿಗ್‌ಸೆಗ್‌ವಿ’ ಕೊಟ್ಟು ಕೊಲ್ಲುತ್ತದೆ. ಅವೆರಡೂ ಇರುವ ನಾಲ್ಕು ಬೈಟ್‌ಗಳ ಪದವನ್ನು ಒಟ್ಟಿಗೇ ಬರೆಯುವ ‘ಚಾಣಾಕ್ಷತನ’ ಕೊನೆಗೆ ಇಲ್ಲಿಗೇ ತಂದು ನಿಲ್ಲಿಸುತ್ತದೆ.

ಅವಧಿ ಮತ್ತು ಅಳತೆ

ಸಿಗುವ ಹೆಚ್ಚುವರಿ ಸಮಯ 5 ಮೈಕ್ರೊಸೆಕೆಂಡ್. ಕನಿಷ್ಠವೂ ಅದೇ. ಕರ್ನಲ್‌ನ ಒಳಗನ್ನು ಫೈಲ್‌ಗಳಾಗಿ ತೋರಿಸುವ ಡೀಬಗ್‌ಎಫ್‌ಎಸ್‌ನ ಆರ್‌ಸೆಕ್ ಫೋಲ್ಡರ್‌ನಲ್ಲಿರುವ ಫೈಲಿಗೆ ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಬರೆದು 50 ಮೈಕ್ರೊಸೆಕೆಂಡ್‌ವರೆಗೆ ಏರಿಸಬಹುದು. ಏರಿಸಿದಷ್ಟೂ ಆ ಯಂತ್ರದ ಉಳಿದ ಪ್ರೋಗ್ರಾಮ್‌ಗಳು ಹೆಚ್ಚು ಕಾಯಬೇಕಾಗುತ್ತದೆ, ಹಾಗಾಗಿ ಮೊದಲು ಲಾಕ್ ಒಳಗಿನ ಕೆಲಸವನ್ನೇ ಚಿಕ್ಕದು ಮಾಡಿ. ಐದರಲ್ಲಿ ಮುಗಿಯದ ಕೆಲಸಕ್ಕೆ ಸ್ಪಿನ್‌ಲಾಕ್ ಬದಲು ಮಲಗಿ ಕಾಯುವ ಮ್ಯೂಟೆಕ್ಸ್ ಒಳ್ಳೆಯದು.

ಪರೀಕ್ಷೆಗೆ ಥ್ರೆಡ್‌ಗಳು ಸಿಪಿಯುಗಳಿಗಿಂತ ಹೆಚ್ಚಿರಬೇಕು: ‘ಟಾಸ್ಕ್‌ಸೆಟ್’ ಆಜ್ಞೆಯಿಂದ 4 ಸಿಪಿಯುಗೆ ಕಟ್ಟಿ 8 ಥ್ರೆಡ್ ಓಡಿಸಿ. ಥ್ರೆಡ್‌ಗೊಂದು ಸಿಪಿಯು ಇದ್ದರೆ ಇಳಿಸುವ ಪ್ರಸಂಗವೇ ಅಪರೂಪ, ವ್ಯತ್ಯಾಸ ಕಾಣದು. ಸರಾಸರಿ ನೋಡಿ ತೃಪ್ತರಾಗಬೇಡಿ. ಲಾಕ್‌ಗಾಗಿ ಅತಿ ಹೆಚ್ಚು ಕಾದ ಹೊತ್ತನ್ನು ಅಳೆಯಿರಿ, ಪಕ್ಕದಲ್ಲಿ ತಡ ಅಳೆಯುವ ‘ಸೈಕ್ಲಿಕ್‌ಟೆಸ್ಟ್’ ಓಡಿಸಿ ಇತರರಿಗೆ ಎಷ್ಟು ತಡವಾಗುತ್ತಿದೆ ನೋಡಿ. ಕರ್ನಲ್‌ನಲ್ಲಿ ಆರ್‌ಸೆಕ್ ಅಂಕಿಅಂಶದ ಆಯ್ಕೆ ಆನ್ ಇದ್ದರೆ ಎಷ್ಟು ಅವಕಾಶ ಕೊಟ್ಟಿತು, ಎಷ್ಟರಲ್ಲಿ ಗಡುವು ಮೀರಿತು, ಎಷ್ಟು ಸಲ ನೀವಾಗಿ ಬಿಟ್ಟುಕೊಟ್ಟಿರಿ ಎಂಬ ಎಣಿಕೆಯೂ ಸಿಗುತ್ತದೆ. ಗಡುವು ಮೀರಿದ ಎಣಿಕೆ ಏರುತ್ತಿದ್ದರೆ ಲಾಕ್ ಒಳಗೆ ಏನೋ ಉದ್ದದ ಕೆಲಸ ಸೇರಿಕೊಂಡಿದೆ.

ವರ್ಚುವಲ್ ಯಂತ್ರದಲ್ಲಿ ಓಡಿಸುವವರು ಗಮನಿಸಬೇಕಾದ್ದು: ಈ ಅವಕಾಶ ಕೊಡುವುದು ಒಳಗಿನ ಕರ್ನಲ್. ಹೊರಗಿನ ಹೋಸ್ಟ್ ಆ ಯಂತ್ರಕ್ಕೆ ಕೊಟ್ಟ ಇಡೀ ವಿಸಿಪಿಯುವನ್ನೇ (ವರ್ಚುವಲ್ ಸಿಪಿಯು) ಇಳಿಸಿದರೆ ಲಾಕ್ ಹಿಡಿದ ಥ್ರೆಡ್ಡೂ ಅದರ ಜೊತೆ ನಿಲ್ಲುತ್ತದೆ. ಕಂಟೇನರ್‌ಗೆ ಹಾಕಿದ ಸಿಪಿಯು ಕೋಟಾ ಮುಗಿದು ಇಡೀ ಗುಂಪು ನಿಂತಾಗಲೂ ಹಾಗೆಯೇ. ಅಲ್ಲಿ ಬದಲಿಸಬೇಕಾದ್ದು ಕೋಟಾ.