ಸಿಂಫನಿಯ ಕೊನೆ ಕೇಳಬೇಕಾ? ಮೊದಲಿನಿಂದ ಕೂರಿ

ಹೋದ ಮಳೆಗಾಲದಲ್ಲಿ ನಮ್ಮ ಕಾಕಾ ಬಾಗಲಕೋಟೆಯಿಂದ ಬಂದು ಬೆಳಗಾವಿಯ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದರು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕಾಕಾ ಎಷ್ಟೋ ವರ್ಷ ಭಜನಾ ಮೇಳಕ್ಕೆ ತಬಲಾ ಸಾಥ್ ಕೊಟ್ಟವರು. ಅವರಿಗೆ ಏನಾದರೂ ಹೊಸದು ಕೇಳಿಸೋಣ ಅಂತ ಜರ್ಮನಿಯ ಸಂಯೋಜಕ ಬೀಥೋವನ್‌ನ ಐದನೇ ಸಿಂಫನಿಯ ಕೊನೆಯ ಎರಡು ನಿಮಿಷ ಹಾಕಿದೆ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಗೆ ಅಂತ ಬರೆದ, ಹಲವು ಭಾಗಗಳ ದೊಡ್ಡ ಪಾಶ್ಚಾತ್ಯ ಕೃತಿ. ಇಡೀ ಆರ್ಕೆಸ್ಟ್ರಾ ಸೇರಿ ಅದೇ ಸ್ವರಗಳನ್ನು ಧಡ್, ಧಡ್ ಅಂತ ಬಾರಿಸುತ್ತಾ ಹೋಗುತ್ತದಲ್ಲ, ಆ ಜಾಗ. ಕಾಕಾ ಚಹಾದ ಲೋಟ ಕೆಳಗಿಟ್ಟು ಕೇಳಿದರು: "ಮುಗೀತು, ಮುಗೀತು ಅಂತ ಎಷ್ಟು ಸಲ ಹೇಳತಾನೋ ತಮ್ಮಾ ಇಂವ?"

ತಪ್ಪು ನನ್ನದೇ. ತೇರು ಎಳೆಯುವುದನ್ನು ತೋರಿಸದೆ, ಅದು ಪಾದಗಟ್ಟಿ ಮುಟ್ಟಿ ನಿಂತ ಮೇಲೆ ಕರೆದುಕೊಂಡು ಹೋದಂತಾಯಿತು. ಮರುದಿನ ಸಂಜೆ ಅದೇ ಸಿಂಫನಿಯನ್ನು ಮೊದಲಿನಿಂದ ಹಾಕಿದೆ. ಮೂವತ್ತು, ಮೂವತ್ತೈದು ನಿಮಿಷದ ಮಾತು, ಅಷ್ಟೆ. ಕೊನೆಗಳನ್ನಷ್ಟೇ ಕತ್ತರಿಸಿ ಜೋಡಿಸಿದ ವಿಡಿಯೊಗಳು ಈಗ ಬೇಕಾದಷ್ಟು ಸಿಗುತ್ತವೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಸಿಂಫನಿಯ ಕೊನೆಗೆ ಬಲ ಬರುವುದು ಅಷ್ಟು ಹೊತ್ತು ಏನನ್ನು ತಡೆದು ಹಿಡಿದಿದ್ದರು ಅನ್ನುವುದರಿಂದ. ಖ್ಯಾಲ್ ಹಾಡುವವರು ತಾರ ಷಡ್ಜವನ್ನು ಬೇಗ ಮುಟ್ಟುವುದಿಲ್ಲ. ನಿಷಾದದ ಹತ್ತಿರ ಬಂದು ತಿರುಗಿ ಹೋಗುತ್ತಾರೆ, ಮತ್ತೆ ಬರುತ್ತಾರೆ, ಮತ್ತೆ ಹೋಗುತ್ತಾರೆ, ನಮ್ಮ ಎದೆಯಲ್ಲಿ 'ಈಗಾದರೂ ಮುಟ್ಟಲಿ' ಅನ್ನುವ ಆಸೆ ಹುಟ್ಟಿದ ಮೇಲೇ ಮುಟ್ಟುತ್ತಾರೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಪಕ್ಕದಲ್ಲೇ ಇದೆ. ಈ ಕಡೆಯ ಕಿವಿಗಳಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಬೀಥೋವನ್‌ನ ಐದನೆಯದನ್ನೇ ತೆಗೆದುಕೊಳ್ಳಿ. ಇದರಲ್ಲಿ ನಾಲ್ಕು ಭಾಗ. ಶುರುವಾಗುವುದು ಸಿ ಮೈನರ್‌ನಲ್ಲಿ, ಮುಗಿಯುವುದು ಸಿ ಮೇಜರ್‌ನಲ್ಲಿ. ಈ ಹೆಸರುಗಳಿಗೆ ಹೆದರಬೇಡಿ. ಷಡ್ಜ ಎರಡಕ್ಕೂ ಒಂದೇ. ಮೈನರ್‌ನಲ್ಲಿ ಗಂಧಾರ ಕೋಮಲ, ಮೇಜರ್‌ನಲ್ಲಿ ಶುದ್ಧ. ಮೇಜರ್ ಅಂದರೆ ನಮ್ಮ ಬಿಲಾವಲ್ ಥಾಟ್‌ನ ಸ್ವರಗಳೇ. ಹಾಗಾಗಿ ಈ ಸಿಂಫನಿ ಕೇಳುವಾಗ ಗಂಧಾರದ ಮೇಲೆ ಕಿವಿ ಇಡಿ. ನಡುವೆ ಕೆಲವು ಸಲ ಶುದ್ಧ ಗಂಧಾರದ ಬೆಳಕು ಬಂದು ಹೋಗುತ್ತದೆ, ಆದರೆ ನಿಲ್ಲುವುದಿಲ್ಲ.

ಮೂರನೇ ಭಾಗದ ಕೊನೆಗೆ ಬಂದಾಗ ಕೈಯಲ್ಲಿ ಏನಿದ್ದರೂ ಕೆಳಗಿಡಿ. ಸದ್ದು ಇಳಿಯುತ್ತಾ ಹೋಗಿ, ತಂತಿ ವಾದ್ಯಗಳು ಒಂದೇ ಕಡೆ ಉಸಿರು ಹಿಡಿದು ನಿಲ್ಲುತ್ತವೆ. ಕೆಳಗೆ ಟಿಂಪನಿ, ಅಂದರೆ ಆ ದೊಡ್ಡ ತಾಮ್ರದ ನಗಾರಿ, ಷಡ್ಜದ ಮೇಲೆ ಮೆಲ್ಲಗೆ ಟಕ್ ಟಕ್ ಅನ್ನುತ್ತಾ ಇರುತ್ತದೆ. ಮೇಲೆ ವಯೊಲಿನ್‌ಗಳು ಕತ್ತಲಲ್ಲಿ ಗೋಡೆ ಹಿಡಿದು ಮೆಟ್ಟಿಲು ಹತ್ತಿದಂತೆ ಹತ್ತುತ್ತವೆ. ಕೊನೆಯ ಕೆಲವೇ ಕ್ಷಣಗಳಲ್ಲಿ ಸದ್ದು ಉಬ್ಬಿ ಬಂದು, ನಡುವೆ ಬಿಡುವೇ ಇಲ್ಲದೆ, ನಾಲ್ಕನೇ ಭಾಗ ಒಡೆದುಕೊಳ್ಳುತ್ತದೆ. ಆ ಕ್ಷಣಕ್ಕೆ ಬರುವ ಮೂರು ಟ್ರಂಬೋನ್ (ಉದ್ದನೆಯ ಹಿತ್ತಾಳೆ ಕಹಳೆ), ಒಂದು ಪಿಕೊಲೊ (ಚಿಕ್ಕ ಕೊಳಲು), ಒಂದು ಕಾಂಟ್ರಾಬಸೂನ್ (ತಗ್ಗು ದನಿಯ ದೊಡ್ಡ ಊದುವ ವಾದ್ಯ) ಅಲ್ಲಿಯವರೆಗೆ ಒಂದು ಸ್ವರವನ್ನೂ ನುಡಿಸಿರುವುದಿಲ್ಲ. ಮೂರು ಭಾಗ ಮುಗಿಯುವವರೆಗೂ ಅವರು ವೇದಿಕೆಯ ಮೇಲೆ ಸುಮ್ನೆ ಕೂತಿರುತ್ತಾರೆ.

ಕಾಕಾ ಅಷ್ಟು ಹೊತ್ತೂ ತೊಡೆಯ ಮೇಲೆ ಬೆರಳಿನಿಂದ ಲೆಕ್ಕ ಹಾಕುತ್ತಿದ್ದರು. ಟಿಂಪನಿ ಮೆಲ್ಲಗೆ ಶುರುವಾದಾಗ ಅವರ ಬೆರಳು ನಿಂತಿತು. ಟ್ರಂಬೋನ್ ಬಂದಾಗ ಬೆನ್ನು ನೆಟ್ಟಗಾಯಿತು. ಕೊನೆಯ 29 ಬಾರ್ (ಬಾರ್ ಅಂದರೆ ಕೆಲವೇ ಮಾತ್ರೆಗಳ ಒಂದು ಚಿಕ್ಕ ಅಳತೆ) ಪೂರ್ತಿ ಒಂದೇ ಸಿ ಮೇಜರ್ ಬಾರಿಸುವಾಗ, ಹಿಂದಿನ ದಿನ ಬೇಸರ ಮಾಡಿಕೊಂಡಿದ್ದ ಅದೇ ಜಾಗದಲ್ಲಿ, ಅವರು ಒಂದೊಂದು ಪೆಟ್ಟಿಗೂ ತಲೆ ಆಡಿಸಿದರು. "ಈಗ ಬರೋಬ್ಬರಿ ಆತು ನೋಡು" ಅಂದರು.

ಇದು ಮೊದಲ ಸಲ ನುಡಿದದ್ದು 1808ರ ಡಿಸೆಂಬರ್ 22ರಂದು, ವಿಯೆನ್ನಾದಲ್ಲಿ. ಕೊರೆಯುವ ಚಳಿ, ಸುಮಾರು ನಾಲ್ಕು ಗಂಟೆಯ ಕಛೇರಿ, ಅದೇ ರಾತ್ರಿ ಆರನೇ ಸಿಂಫನಿಯೂ ಇತ್ತು. ನಮಗೆ ಅಂಥ ಕಷ್ಟ ಏನೂ ಇಲ್ಲ.

ಈಗ ಸಲಕರಣೆಯ ವಿಷಯ. ದುಬಾರಿ ಸ್ಪೀಕರ್ ಬೇಡ, ಆದರೆ ಬರೀ ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತಂತಿ ವಾದ್ಯವಾದ ಡಬಲ್ ಬಾಸ್‌ನ ಕೆಳಗಿನ ಸ್ವರ ಬರುವುದೇ ಇಲ್ಲ. ಕಿವಿಗೆ ಸರಿಯಾಗಿ ಕೂರುವ ಸಾಧಾರಣ ಇಯರ್‌ಫೋನ್ ಸಾಕು. ವಾಲ್ಯೂಮ್ ಇಡುವುದಕ್ಕೆ ಒಂದು ಉಪಾಯ ಇದೆ: ಮೊದಲೇ ಜೋರಾದ ಜಾಗವೊಂದನ್ನು ಅರ್ಧ ನಿಮಿಷ ಹಾಕಿ, ಅದು ಕಿವಿಗೆ ತಡೆಯುವಷ್ಟು ಇಟ್ಟು, ಆಮೇಲೆ ಮುಟ್ಟಬೇಡಿ. ಮೆಲ್ಲನೆಯ ಜಾಗ ಬಂದಾಗ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ. ತಡೆಯಿರಿ. ಮೆಲ್ಲಗಿರುವುದು ಮೆಲ್ಲಗೇ ಇರಲಿ. ಎಲ್ಲ ಹಾಡಿಗೂ ಒಂದೇ ಮಟ್ಟದ ಸದ್ದು ಕೊಡುವ ಸೆಟ್ಟಿಂಗ್ ನಿಮ್ಮ ಆ್ಯಪ್‌ನಲ್ಲಿದ್ದರೆ ಅದನ್ನು ಆಫ್ ಮಾಡಿ.

ಇನ್ನೊಂದು ಮುಖ್ಯ ಮಾತು. ಆ್ಯಪ್‌ಗಳಲ್ಲಿ ಒಂದೊಂದು ಭಾಗವನ್ನೂ ಬೇರೆ ಹಾಡಿನ ಹಾಗೆ ಹಾಕಿರುತ್ತಾರೆ. ನನಗೆ ಒಮ್ಮೆ ಬೀಥೋವನ್‌ನ ಆ ಮೆಟ್ಟಿಲು ಹತ್ತಿ ಮುಗಿಯುವ ಹೊತ್ತಿಗೆ, ಟ್ರಂಬೋನ್ ಬರುವ ಜಾಗದಲ್ಲಿ, ಸೀರೆ ಅಂಗಡಿಯ ಜಾಹೀರಾತು ಬಂತು. ಇಡೀ ಸಂಜೆ ಹಾಳಾಯಿತು. ಆದ್ದರಿಂದ ಜಾಹೀರಾತು ಇಲ್ಲದ ಕಡೆ ಕೇಳಿ, ಇಲ್ಲವೇ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಆಟೊಪ್ಲೇ ಕೂಡ ಆಫ್ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದಾಗಿ ನಾನು ಹೇಳುವುದು ಬ್ರಾಮ್ಸ್‌ನ ನಾಲ್ಕನೇ ಸಿಂಫನಿ, 1885ರದ್ದು. ತಬಲಾ ಗೊತ್ತಿರುವವರಿಗೆ ಇದರ ಕೊನೆಯ ಭಾಗ ಹಬ್ಬ. ಎಂಟು ಬಾರ್‌ನ ಒಂದು ಚಿಕ್ಕ ಸಾಲು. ಬಾರ್‌ಗೆ ಮೂರು ಮಾತ್ರೆ, ಒಟ್ಟು 24. ಇದನ್ನೇ ಒಂದು ಆವರ್ತನ ಅಂದುಕೊಳ್ಳಿ. ಅದರ ಮೇಲೆ 30 ಸಲ ಬೇರೆ ಬೇರೆ ರೀತಿ ಕಟ್ಟುತ್ತಾ ಹೋಗುತ್ತಾನೆ. ನಡುವೆ ಲಯ ಅರ್ಧಕ್ಕಿಳಿದು ಕೊಳಲೊಂದೇ ಹಾಡಿದಂತಾಗುವ ಜಾಗ ಇದೆ, ಅಲ್ಲಿ ಆವರ್ತನ ಕಳೆದುಹೋಯಿತು ಅನಿಸುತ್ತದೆ. ಕಳೆದಿಲ್ಲ, ಎಣಿಸುತ್ತಾ ಇರಿ. ಇಲ್ಲೂ ಟ್ರಂಬೋನ್‌ಗಳನ್ನು ಕೊನೆಯ ಭಾಗದವರೆಗೆ ಬಚ್ಚಿಟ್ಟಿದ್ದಾನೆ. ಆದರೆ ಬೀಥೋವನ್‌ನ ಹಾಗೆ ಶುದ್ಧ ಗಂಧಾರದ ಬಿಡುಗಡೆ ಕೊಡುವುದಿಲ್ಲ. ಇ ಮೈನರ್‌ನಲ್ಲಿ ಶುರುವಾದದ್ದು ಇ ಮೈನರ್‌ನಲ್ಲೇ, ಬಾಗಿಲು ಹಾಕಿ ಅಗುಳಿ ಜಡಿದಂತೆ ಮುಗಿಯುತ್ತದೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ಕೊನೆ ಅನಿಸುತ್ತದೆ.

ಮೊಜಾರ್ಟ್‌ನ 41ನೆಯದು ಬೇರೆ ರುಚಿ. 1788ರದ್ದು. ಕೊನೆಯ ಭಾಗ ಶುರುವಾಗುವುದು ನಾಲ್ಕೇ ಸ್ವರದಿಂದ: ಸ, ರಿ, ಮ, ಗ. ಒಮ್ಮೆ ಬಾಯಲ್ಲಿ ಹೇಳಿಕೊಂಡು ಕೂರಿ. ಆಮೇಲೆ ಒಂದೊಂದಾಗಿ ಬೇರೆ ಧಾಟಿಗಳು ಬರುತ್ತವೆ, ಮತ್ತು ಕೊನೆಯಲ್ಲಿ ಐದು ಧಾಟಿಗಳನ್ನು ಒಟ್ಟಿಗೆ ಹೆಣೆಯುತ್ತಾನೆ. ಐದನ್ನೂ ಹಿಡಿಯುವ ಹಟ ಬೇಡ. ಆ ಸ ರಿ ಮ ಗ ಎಲ್ಲಿದೆ ಅಂತ ಹುಡುಕಿದರೆ ಸಾಕು, ಉಳಿದವು ಅದರ ಸುತ್ತ ಕಾಣಿಸುತ್ತವೆ.

ದೊಡ್ಡ ಸದ್ದೇ ಬೇಕು ಅನ್ನುವವರಿಗೆ ಮಾಹ್ಲರ್‌ನ ಎರಡನೆಯದು. ಸುಮಾರು 80ರಿಂದ 90 ನಿಮಿಷ, ರಜೆಯ ದಿನ ಇಟ್ಟುಕೊಳ್ಳಿ. ಅದರ ಐದನೇ ಭಾಗದಲ್ಲಿ ದೊಡ್ಡ ಕೋರಸ್ ಇದೆ, ಆದರೆ ಅದು ಮೊದಲು ಬರುವುದು ಪಿಸುಮಾತಿನಲ್ಲಿ. ಅಷ್ಟು ಜನ ಸೇರಿ ಅಷ್ಟು ಮೆಲ್ಲಗೆ ಹಾಡುವುದನ್ನು ಕೇಳಿದಾಗಲೇ ಮೈ ಜುಮ್ಮೆನ್ನುತ್ತದೆ. ಆರ್ಗನ್ ಮತ್ತು ಗಂಟೆಗಳು ಮೊಳಗುವುದು ಅದಾದ ಮೇಲೆ, ಕೊನೆಗೆ. ನಮ್ಮ ಜಾತ್ರೆಗಳ ಕರಡಿ ಮಜಲು ಹತ್ತಿರದಿಂದ ಕೇಳಿದವರಿಗೆ ಇದು ಪರಿಚಯದ ಅನುಭವ. ಲಯ ಏರಿ ಏರಿ, ಶಹನಾಯಿ, ತಾಳ, ಕರಡಿ ಎಲ್ಲ ಒಂದಾಗಿ, ಇನ್ನು ಮೇಲೆ ಹೋಗಲು ಜಾಗವೇ ಇಲ್ಲ ಅನ್ನುವಾಗ ಇನ್ನೊಂದು ಮೆಟ್ಟಿಲು ಹತ್ತುತ್ತಾರಲ್ಲ, ಹಾಗೆ.

ಶೋಸ್ತಕೋವಿಚ್‌ನ ಐದನೆಯದನ್ನು ಎರಡು ಸಲ, ಆರ್ಕೆಸ್ಟ್ರಾ ನಡೆಸುವ ಇಬ್ಬರು ಬೇರೆ ಬೇರೆ ನಿರ್ದೇಶಕರ ಕೈಯಲ್ಲಿ ಕೇಳಿ. 1936ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪ್ರಾವ್ದಾ ಅವನ ಒಪೆರಾವನ್ನು, ಅಂದರೆ ಹಾಡಿನ ನಾಟಕವನ್ನು, ಕಟುವಾಗಿ ಖಂಡಿಸಿತ್ತು. ಸ್ಟಾಲಿನ್‌ನ ಕಾಲದಲ್ಲಿ ಅದು ಜೀವಕ್ಕೇ ಅಪಾಯದ ಮಾತು. ಮರುವರ್ಷ ನವೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಈ ಸಿಂಫನಿ ಬಂತು. ಕೊನೆ ಡಿ ಮೇಜರ್‌ನಲ್ಲಿ, ಹಿತ್ತಾಳೆ ವಾದ್ಯಗಳು ಮೊಳಗುತ್ತವೆ, ಟಿಂಪನಿ ಷಡ್ಜ ಪಂಚಮ ಷಡ್ಜ ಪಂಚಮ ಬಡಿಯುತ್ತದೆ. ಇದೆಲ್ಲದರ ನಡುವೆ ವಯೊಲಿನ್‌ಗಳನ್ನು ಹುಡುಕಿ. ಅವು ಒಂದೇ ಪಂಚಮವನ್ನು ಬಿಡದೆ, ಬಿಡದೆ ಉಜ್ಜುತ್ತಿರುತ್ತವೆ. ಬರ್ನ್‌ಸ್ಟೈನ್ ಇದನ್ನು ಓಡಿಸುತ್ತಾರೆ, ಗೆಲುವಿನ ಮೆರವಣಿಗೆ ಅನಿಸುತ್ತದೆ. ರೊಸ್ತ್ರೊಪೊವಿಚ್ ನಿಧಾನ ಮಾಡುತ್ತಾರೆ, ಆಗ ಅದೇ ಸ್ವರಗಳು 'ನಗು, ನಗು' ಅಂತ ಬೆನ್ನಿಗೆ ಹೊಡೆದು ನಗಿಸಿದಂತೆ ಕೇಳುತ್ತವೆ. ನನ್ನ ಮನಸ್ಸು ನಿಧಾನದ ಕಡೆಗಿದೆ.

ಸದ್ದಿಲ್ಲದ ಜಾಗವೂ ಪೆಟ್ಟು ಕೊಡಬಲ್ಲದು ಅಂತ ತೋರಿಸಿದ್ದು ಸಿಬೆಲಿಯಸ್. 1915ರ ಏಪ್ರಿಲ್‌ನಲ್ಲಿ ಅವನು 16 ಹಂಸಗಳು ಹಾರುವುದನ್ನು ಕಂಡು ಡೈರಿಯಲ್ಲಿ ಬರೆದುಕೊಂಡ. ಐದನೇ ಸಿಂಫನಿಯ ಕೊನೆಯ ಭಾಗದಲ್ಲಿ ಹಿತ್ತಾಳೆಯ ಹಾರ್ನ್‌ಗಳು ತೂಗುತ್ತಾ ನುಡಿಸುವ ಧಾಟಿಯಲ್ಲಿ ಆ ಹಂಸಗಳಿವೆ. 1919ರಲ್ಲಿ ತಿದ್ದಿ ಮುಗಿಸಿದ ರೂಪದಲ್ಲಿ ಕೊನೆಗೆ ಬರುವುದು ಆರು ಪೆಟ್ಟು. ಒಂದು ಪೆಟ್ಟು, ಮೌನ. ಇನ್ನೊಂದು ಪೆಟ್ಟು, ಮೌನ. ಕೇಳುವವರು ಮುಗಿಯಿತು ಅಂದುಕೊಂಡು ನಡುವೆ ಚಪ್ಪಾಳೆ ಹೊಡೆಯುವುದೂ ಉಂಟು. ಇಲ್ಲಿ ಲೆಕ್ಕ ಹಾಕಬೇಡಿ, ಮೌನದಲ್ಲಿ ಹಿಂದಿನ ಪೆಟ್ಟಿನ ಗುಂಗು ಎಲ್ಲಿಯವರೆಗೆ ಹೋಗುತ್ತದೆ ಅಂತ ಕೇಳಿ. ವಿಜಯಪುರದ ಗೋಳಗುಮ್ಮಟದ ಮೇಲೆ ಬೆಳಿಗ್ಗೆ ಬೇಗ, ಜನ ಇಲ್ಲದ ಹೊತ್ತಿನಲ್ಲಿ ಹೋಗಿ ಒಂದೇ ಒಂದು ಚಪ್ಪಾಳೆ ಹೊಡೆದು ಸುಮ್ಮನೆ ನಿಂತವರಿಗೆ ಇದು ಗೊತ್ತು. ಸದ್ದು ಸುತ್ತಿ ಸುತ್ತಿ ಬಂದು ಕರಗುವವರೆಗೆ ಇನ್ನೊಂದು ಚಪ್ಪಾಳೆ ಹೊಡೆಯಲು ಕೈ ಬರುವುದಿಲ್ಲ.

ಕಡೆಯದಾಗಿ ಚೈಕೊವ್‌ಸ್ಕಿಯ ಆರನೆಯದು. ಇದನ್ನು ನಾನು ಮೊದಲು ಕೇಳಿದ್ದು ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ. ಮೂರನೇ ಭಾಗ ಕವಾಯತಿನ ಹಾಗೆ ಗುಡುಗಿ ಮುಗಿದಾಗ, ಸಿಂಫನಿಯೇ ಮುಗಿಯಿತು ಅನ್ನಿಸುತ್ತದೆ. ಸಭೆಗಳಲ್ಲೂ ಅಲ್ಲಿ ಚಪ್ಪಾಳೆ ಬೀಳುತ್ತದೆ. ಆಮೇಲೆ ನಾಲ್ಕನೇ ಭಾಗ ಅಳುತ್ತಾ ಬಂತು. ಕೊಲ್ಹಾರದ ಸೇತುವೆಯ ಮೇಲೆ, ಎರಡೂ ಕಡೆ ಕೃಷ್ಣೆಯ ನೀರು ತುಂಬಿಕೊಂಡಿತ್ತು, ಇಯರ್‌ಫೋನ್‌ನಲ್ಲಿ ಬರೀ ಬಸ್ಸಿನ ಇಂಜಿನ್ ಸದ್ದು. ಹಾಡು ನಿಂತಿತು ಅಂದುಕೊಂಡೆ. ಫೋನ್ ತೆಗೆದು ನೋಡಿದರೆ ಇನ್ನೂ ಒಂದೂವರೆ ನಿಮಿಷ ಬಾಕಿ ಇತ್ತು.

ಅದನ್ನು ಮನೆಯಲ್ಲಿ, ರಾತ್ರಿ, ಫ್ಯಾನ್ ಆರಿಸಿ ಕೇಳಬೇಕಿತ್ತು. ಆ ಭಾಗದ ಮೊದಲ ಧಾಟಿ ವಿಚಿತ್ರ: ವಯೊಲಿನ್‌ನವರು ಎರಡು ಗುಂಪು, ಧಾಟಿಯ ಒಂದು ಸ್ವರ ಒಂದು ಗುಂಪಿಗೆ, ಮುಂದಿನದು ಇನ್ನೊಂದಕ್ಕೆ. ಯಾರೊಬ್ಬರೂ ಪೂರ್ತಿ ಧಾಟಿ ನುಡಿಸುವುದಿಲ್ಲ, ಅದು ಕೂಡಿಬರುವುದು ನಮ್ಮ ಕಿವಿಯಲ್ಲೇ. ಎರಡು ಗುಂಪನ್ನು ಎಡಕ್ಕೊಂದು ಬಲಕ್ಕೊಂದು ಕೂರಿಸಿದ ರೆಕಾರ್ಡಿಂಗ್ ಸಿಕ್ಕರೆ ಇಯರ್‌ಫೋನ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೊನೆಯ ಹೊತ್ತಿಗೆ ದೊಡ್ಡ ಜಾಗಟೆಯಂಥ ಟ್ಯಾಮ್‌ಟ್ಯಾಮ್‌ಗೆ ಮೆಲ್ಲಗೆ ಒಂದೇ ಒಂದು ಪೆಟ್ಟು. ಟ್ರಂಬೋನ್‌ಗಳು ತಗ್ಗಿದ ದನಿಯಲ್ಲಿ ಏನೋ ಹೇಳಿ ಸುಮ್ಮನಾಗುತ್ತವೆ. ಉಳಿಯುವುದು ಚೆಲ್ಲೊ, ಡಬಲ್ ಬಾಸ್. ಡಬಲ್ ಬಾಸ್ ನಾಡಿಯ ಹಾಗೆ ಮಿಡಿಯುತ್ತಾ, ನಿಧಾನವಾಗುತ್ತಾ, ನಿಲ್ಲುತ್ತದೆ. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕೊವ್‌ಸ್ಕಿಯೇ ನಿಂತು ಇದನ್ನು ನುಡಿಸಿದ. ಒಂಬತ್ತು ದಿನಕ್ಕೆ ತೀರಿಕೊಂಡ.

ಆಟೊಪ್ಲೇ ಆಫ್ ಮಾಡಿ ಅಂದದ್ದು ಇದಕ್ಕೇ. ಈ ಕೊನೆಯ ಮೇಲೆ ಆ್ಯಪ್ ತಾನಾಗಿ ಇನ್ನೊಂದು ಹಾಡು ಹಾಕಬಾರದು. ಕನಿಷ್ಠ ಒಂದು ನಿಮಿಷ ಇಯರ್‌ಫೋನ್ ತೆಗೆಯದೆ ಹಾಗೇ ಕೂರಿ.

ಬೇರೆಯವರಿಗೆ ಕೇಳಿಸುವಾಗ ಇದು ಹೇಗೆ ಮುಗಿಯುತ್ತದೆ ಅಂತ ಮಾತ್ರ ಹೇಳಬೇಡಿ. ದೀಪಾವಳಿಗೆ ಊರಿಗೆ ಹೋದಾಗ ಕಾಕಾನಿಗೆ ಚೈಕೊವ್‌ಸ್ಕಿ ಕೇಳಿಸಬೇಕು ಅಂತಿದ್ದೇನೆ. ಫೋನ್‌ನಲ್ಲಿ ಅದರ ಬಗ್ಗೆ ಹೇಳಲು ಬಾಯಿ ತೆಗೆದೆ, ಅವರು ಅಲ್ಲಿಗೇ ತಡೆದರು: "ಕಡೀಕ ಏನಾಗತೈತಿ ಅಂತ ಹೇಳಬ್ಯಾಡ. ನಾ ಮೊದಲಿಂದ ಕುಂಡರತೀನಿ."