ಓವರ್‌ಡ್ರಾಫ್ಟ್ ನಿಂತಾಗ ನಾನು ಮಾಡಿದ್ದು

ಕಲಬುರಗಿಯ ನೆಹರೂ ಗಂಜಿನಲ್ಲಿ ತೊಗರಿಯ ಆವಕ ಜೋರಾಗಿದ್ದ ಜನವರಿಯಲ್ಲೇ ನಾನು ಅಡತಿಯವರಿಗೆ ಕೊಟ್ಟಿದ್ದ ಚೆಕ್ಕು ಮರಳಿ ಬಂತು. ಖಾತೆಯಲ್ಲಿ ಹಣವಿಲ್ಲದಿದ್ದರೂ ತೆಗೆಯಬಹುದಾದ ಸಾಲದ, ಅಂದರೆ ಓವರ್‌ಡ್ರಾಫ್ಟಿನ, 10 ಲಕ್ಷ ರೂಪಾಯಿಯ ಮಿತಿಯನ್ನು ಬ್ಯಾಂಕು ಒಂದು ಮಾತೂ ಹೇಳದೆ ಸೊನ್ನೆಗೆ ಇಳಿಸಿತ್ತು. ಕೌಂಟರಿನಲ್ಲಿ ಜಗಳಕ್ಕೆ ನಿಲ್ಲದೆ ಮಂಜೂರಾತಿ ಪತ್ರವನ್ನು ತೆಗೆದು ಓದಿದೆ. ಪ್ರತಿ ತಿಂಗಳೂ ದಾಸ್ತಾನು ಪಟ್ಟಿ ಸಲ್ಲಿಸಬೇಕೆಂಬ ಷರತ್ತು ಅದರಲ್ಲಿತ್ತು; ಮೂರು ತಿಂಗಳಿಗಿಂತ ಹಳೆಯ ಪಟ್ಟಿಯ ಆಧಾರದ ಮೇಲೆ ಉಳಿದ ಸಾಲವನ್ನು ರಿಸರ್ವ್ ಬ್ಯಾಂಕಿನ ನಿಯಮವು ಕ್ರಮಬದ್ಧವಲ್ಲದ್ದೆಂದೇ ಪರಿಗಣಿಸುತ್ತದೆ. ನಾನೋ ಗಣೇಶ ಚೌತಿಯ ನಂತರ ಪಟ್ಟಿಯನ್ನೇ ಕೊಟ್ಟಿರಲಿಲ್ಲ. ಅರ್ಧ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಲು ಒಂದು ರಾತ್ರಿ ಬೇಕಾಯಿತು.

ಮರುದಿನ ಗೋದಾಮಿನ ಚೀಲಗಳನ್ನು ಎಣಿಸಿ, ಬರಬೇಕಾದ ಉದ್ರಿಯ ವಿವರವನ್ನೂ ಸೇರಿಸಿ ಹೊಸ ಪಟ್ಟಿಯನ್ನು ಸಲ್ಲಿಸಿದೆ. ಮುಂಚಿತವಾಗಿ ನೋಟಿಸು ಕೊಡದಿದ್ದುದಕ್ಕೆ ಕಾರಣವನ್ನು ಲಿಖಿತವಾಗಿ ಕೇಳಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ನೀಡುವೆನೆಂದೂ ಬರೆದು, ನನ್ನ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಒಂಬತ್ತನೆಯ ದಿನ 8 ಲಕ್ಷದ ಮಿತಿ ಮರಳಿತು.