ಬಾಳೆದಿಂಡಿನಲ್ಲಿ ನೆಟ್ಟ ಸೇವಂತಿಗೆ: ಕೈಗೆಟುಕುವ ಖರ್ಚಿನಲ್ಲಿ ಮದುವೆಯ ಅಲಂಕಾರ

ನಮ್ಮ ಬಂಧುಬಳಗದ ಮದುವೆಗಳಲ್ಲಿ ಹೂವಿನ ಜವಾಬ್ದಾರಿ ನನ್ನ ಪಾಲಿಗೇ ಬರುತ್ತದೆ, ನಾನೂ ಅದನ್ನು ಖುಷಿಯಿಂದ ಹೊರುತ್ತೇನೆ. ನಾನು ಬಿಡದೆ ಪಾಲಿಸುವ ಸೂತ್ರ ಒಂದೇ: ಅಗಲವನ್ನೆಲ್ಲ ಹಸಿರೆಲೆಯಿಂದ ತುಂಬಿಸಬೇಕು, ಕಣ್ಣು ನಿಲ್ಲುವ ಕಡೆ ಮಾತ್ರ ಹೂವು ಇಡಬೇಕು. ಛತ್ರದ ಬಾಗಿಲು, ಮಂಟಪದ ಮುಂಭಾಗ, ಆರತಕ್ಷತೆಯ ವೇದಿಕೆ, ತಾಂಬೂಲ ಕೊಡುವ ಮೇಜು, ಈ ನಾಲ್ಕು ಜಾಗ ಚೆನ್ನಾಗಿದ್ದರೆ ಸಾಕು. ಕಂಬ ಕಂಬಕ್ಕೂ ಹೂವು ಸುತ್ತಿಸಿ ದುಡ್ಡು ಕಳೆದುಕೊಳ್ಳಬೇಡಿ.

ಹೂವನ್ನು ಆರಿಸುವ ಮೊದಲು ಪಂಚಾಂಗ ನೋಡಿ. ವೈಶಾಖದ ಮದುವೆಯಾದರೆ ಮಲ್ಲಿಗೆಯ ಸುಗ್ಗಿ, ಧಾರಾಳವಾಗಿ ಬಳಸಿ. ಚಳಿ ಬಿದ್ದೊಡನೆ ಮಲ್ಲಿಗೆ ಬಿಡುವುದು ಕಡಿಮೆಯಾಗಿ ಬೆಲೆ ಏರುತ್ತದೆ. ಆಗ ಜಡೆಗೆ, ಹಾರಕ್ಕೆ ಕಾಕಡ ಸಾಕು. ಮೈಸೂರು ಮಲ್ಲಿಗೆಯೇ ಬೇಕೆಂದು ಹಟ ಹಿಡಿಯಬೇಡಿ. ಕಾರ್ತಿಕ, ಮಾಘಗಳಲ್ಲಿ ಸೇವಂತಿಗೆ ಚೆನ್ನಾಗಿ ಬರುತ್ತದೆ. ಮುಹೂರ್ತ ಶ್ರಾವಣದಲ್ಲಿದ್ದರೆ ವರಮಹಾಲಕ್ಷ್ಮಿ ಹಬ್ಬದ ಹಿಂದುಮುಂದಿನ ದಿನಗಳನ್ನು ಬಿಟ್ಟು ಹಿಡಿಯಿರಿ. ಆ ವಾರ ಯಾವ ಹೂವೂ ಕೈಗೆ ಸಿಗುವ ದರದಲ್ಲಿ ಇರುವುದಿಲ್ಲ.

ಬೆಂಗಳೂರಿನಲ್ಲಿ ನಾನು ಹೋಗುವುದು ಕೆ.ಆರ್. ಮಾರುಕಟ್ಟೆಗೆ, ಅದೂ ಬೆಳಕು ಹರಿಯುವ ಮೊದಲು. ಚೆಂಡುಹೂವು, ಸೇವಂತಿಗೆಗಳನ್ನು ಬಿಡಿಯಾಗಿ ಕಿಲೋ ಲೆಕ್ಕದಲ್ಲಿ ತಂದು ಮನೆಯಲ್ಲೇ ಪೋಣಿಸಿದರೆ ಕಟ್ಟುಕೂಲಿ ಉಳಿಯುತ್ತದೆ. ಮದುವೆ ಮನೆಯಲ್ಲಿ ಕೈಗಳಿಗೆ ಎಂದೂ ಬರವಿಲ್ಲ. ಹಿಂದಿನ ದಿನ ಮಧ್ಯಾಹ್ನ ಚಾಪೆ ಹಾಸಿ, ಸೂಜಿ ದಾರ ಹಂಚಿದರೆ ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರೂ ಕೂರುತ್ತಾರೆ. ಬಣ್ಣ ಮಾತ್ರ ಎರಡೇ ಇರಲಿ. ಹಳದಿ ಮತ್ತು ಬಿಳಿ, ಅಥವಾ ಕೇಸರಿ ಮತ್ತು ಹಸಿರು. ಐದಾರು ಬಣ್ಣ ಬೆರೆತ ಕೂಡಲೇ ಅಲಂಕಾರದ ಗಾಂಭೀರ್ಯ ಹೋಗಿಬಿಡುತ್ತದೆ.

ಎಷ್ಟು ಕೊಳ್ಳಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ. ಮೊದಲು ಕಾಲು ಕಿಲೋ ಹೂವು ತಂದು ಒಂದು ಮೀಟರ್ ಮಾಲೆ ಪೋಣಿಸಿ, ಅದನ್ನು ತೂಗಿ. ಬಾಗಿಲು, ವೇದಿಕೆಗಳನ್ನು ಟೇಪಿನಿಂದ ಅಳೆದು ಅದೇ ತೂಕದಿಂದ ಗುಣಿಸಿ. ಒತ್ತೊತ್ತಾಗಿ ಪೋಣಿಸುವ ಬದಲು ನಾಲ್ಕು ಹೂವಿಗೊಂದರಂತೆ ಮಡಿಸಿದ ಮಾವಿನೆಲೆ ಸೇರಿಸಿದರೆ ಅಷ್ಟೇ ಹೂವು ಇನ್ನಷ್ಟು ಉದ್ದಕ್ಕೆ ಬರುತ್ತದೆ, ಎಲೆಯ ಮಧ್ಯೆ ಹೂವಿನ ಬಣ್ಣವೂ ಎದ್ದು ಕಾಣುತ್ತದೆ.

ಇನ್ನು ನನಗೆ ಬಹಳ ಪ್ರಿಯವಾದ ವಿಷಯ, ಬಾಳೆದಿಂಡು. ಹೂದಾನಿಗಳಲ್ಲಿ ಹೂವು ಸಿಕ್ಕಿಸಲು ಬಳಸುವ ಹಸಿರು ಸ್ಪಂಜು ಒಂದು ಬಗೆಯ ಪ್ಲಾಸ್ಟಿಕ್. ದುಡ್ಡೂ ಹೆಚ್ಚು, ಮಣ್ಣಿನಲ್ಲಿ ಕರಗುವುದೂ ಇಲ್ಲ. ಅದರ ಕೆಲಸವನ್ನು ಬಾಳೆಯ ಕಾಂಡ ಸೊಗಸಾಗಿ ಮಾಡುತ್ತದೆ. ಗೊನೆ ಕಡಿದ ಬಾಳೆಯ ಕಾಂಡವನ್ನು ಒಂದೊಂದು ಅಡಿಗೆ ತುಂಡು ಮಾಡಿ. ಒಣಗಿದ ಹೊರಪದರ ಸುಲಿದರೆ ತಿಳಿಹಸಿರು, ಬಿಳಿ ಬೆರೆತ ನುಣುಪಾದ ಮೈ ಕಾಣುತ್ತದೆ. ಉರುಳದಂತೆ ಒಂದು ಮಗ್ಗುಲನ್ನು ಚಪ್ಪಟೆಯಾಗಿ ಕೆತ್ತಿ. ಮೇಲ್ಭಾಗದಲ್ಲಿ ಬಿದಿರು ಕಡ್ಡಿಯಿಂದ ಓರೆಯಾಗಿ, ಎರಡು ಬೆರಳಿನಷ್ಟು ಆಳಕ್ಕೆ ತೂತು ಮಾಡಿ. ಕಡ್ಡಿ ಹೊರಗೆ ಎಳೆದಾಗ ತೂತಿನ ಬಾಯಲ್ಲಿ ನೀರು ಜಿನುಗುತ್ತದೆ. ಹೂವು ಬಾಡದಂತೆ ಕಾಯುವುದು ಆ ನೀರೇ. ಸೇವಂತಿಗೆಯ ತೊಟ್ಟನ್ನು ಓರೆಯಾಗಿ ಕತ್ತರಿಸಿ ಕೂಡಲೇ ಸಿಕ್ಕಿಸಿ. ಮೊದಲು ಸಾಲಿನ ಎರಡು ತುದಿಗೆ, ನಂತರ ನಡುವೆ ಒಂದು ಎತ್ತರದ್ದು, ಆಮೇಲೆ ಉಳಿದ ಜಾಗಕ್ಕೆ ಪಚ್ಚೆತೆನೆ, ದವನ. ಒಂದು ಎಚ್ಚರಿಕೆ: ಬಾಳೆಯ ರಸದ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಆದ್ದರಿಂದ ಕೆಳಗೆ ಅಡಿಕೆ ಹಾಳೆಯನ್ನೋ ತಟ್ಟೆಯನ್ನೋ ಇಟ್ಟೇ ಮೇಜಿನ ಮೇಲಿಡಿ. ರೇಷ್ಮೆ ಸೀರೆ ಉಟ್ಟವರು ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಊಟದ ಮೇಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬಾಳೆಲೆ ಹಾಸಿದ ಮೇಲೆ ಅಲ್ಲಿ ಬೇರೆ ಅಲಂಕಾರ ಬೇಡ, ಆ ಎಲೆಯೇ ಸಾಕಷ್ಟು ಚಂದ. ಬಡಿಸುವವರ ಸೌಟಿಗೆ ಹೂದಾನಿ ಅಡ್ಡ ಬರುತ್ತದೆ, ಪಂಕ್ತಿ ಎದ್ದಾಗ ಒರೆಸುವವರಿಗೂ ತೊಂದರೆ. ಪ್ರತಿ ಸಾಲಿನ ಎರಡು ತುದಿಗಳಲ್ಲಿ ಒಂದೊಂದು ಹಿತ್ತಾಳೆ ಚೆಂಬು, ಅದರಲ್ಲಿ ಮಾವಿನ ಸೊಪ್ಪು ಮತ್ತು ಮೂರು ಸೇವಂತಿಗೆ ಸಾಕು. ಚೆಂಬುಗಳು ನೆಂಟರ ಮನೆಗಳಿಂದ ಬರಲಿ. ಹಿಂತಿರುಗಿಸುವಾಗ ಗೊಂದಲವಾಗದಂತೆ ತಳಕ್ಕೆ ಹೆಸರಿನ ಚೀಟಿ ಅಂಟಿಸಿಡಿ. ಸುಗಂಧರಾಜವನ್ನಂತೂ ಊಟದ ಮನೆಗೆ ತರಲೇಬೇಡಿ, ಅದರ ಪರಿಮಳ ಸಾರಿನ ಒಗ್ಗರಣೆಯ ಘಮವನ್ನು ನುಂಗುತ್ತದೆ. ಅದರ ಜಾಗ ವೇದಿಕೆ.

ತಾಂಬೂಲದ ಮೇಜಿಗೆ ಉರುಳಿಯಂಥ ಅಗಲ ಪಾತ್ರೆ ಇಡಿ. ಅಂಚಿಗಿಂತ ಒಂದಂಗುಲ ಕೆಳಗಿನವರೆಗೆ ನೀರು ತುಂಬಿ, ಹೊರಗಿನಿಂದ ಒಳಕ್ಕೆ ಜೋಡಿಸುತ್ತ ಬನ್ನಿ: ಮೊದಲು ವೀಳ್ಯದೆಲೆಯ ಸುತ್ತು, ನಂತರ ತೊಟ್ಟು ಕತ್ತರಿಸಿದ ಚೆಂಡುಹೂವಿನ ಸುತ್ತು, ನಡುವೆ ಬಿಳಿ ಸೇವಂತಿಗೆ. ಬಿಡಿ ದಳಗಳು ಫ್ಯಾನಿನ ಗಾಳಿಗೆ ಒಂದು ಮೂಲೆಗೆ ಸರಿಯುತ್ತವೆ, ಇಡೀ ಹೂವುಗಳನ್ನು ಒತ್ತಾಗಿ ಜೋಡಿಸಿದರೆ ಅಲುಗುವುದಿಲ್ಲ. ಪಕ್ಕದ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಕಲ್ಲುಸಕ್ಕರೆ ಇಟ್ಟರೆ ಮೇಜು ತುಂಬಿದಂತೆಯೇ.

ಕೆಲಸದ ಕ್ರಮ ಹೀಗಿರಲಿ. ಎಲೆ, ಬಾಳೆಕಂದು, ತೆಂಗಿನ ಗರಿ ಎರಡು ದಿನ ಮುಂಚೆ ಬಂದರೂ ನೆರಳಿನಲ್ಲಿ ತಾಳುತ್ತವೆ. ಚೆಂಡುಹೂವನ್ನು ಹಿಂದಿನ ದಿನ ತಂದು, ಪ್ಲಾಸ್ಟಿಕ್ ಚೀಲದಿಂದ ಕೂಡಲೇ ತೆಗೆದು, ಒದ್ದೆ ಗೋಣಿಯ ಮೇಲೆ ತೆಳ್ಳಗೆ ಹರಡಿ. ಚೀಲದಲ್ಲೇ ಬಿಟ್ಟರೆ ಬೆವೆತು ಕೊಳೆಯುತ್ತದೆ. ಮಲ್ಲಿಗೆ ಮೊಗ್ಗಾಗಿಯೇ ಬರಬೇಕು, ಕಟ್ಟಿದ ಮೇಲೆ ಬಾಳೆಲೆಯಲ್ಲಿ ಸುತ್ತಿ ತಣ್ಣಗಿಡಿ.

ಇದಕ್ಕೆಲ್ಲ ಮೊದಲು ಛತ್ರದವರನ್ನು ಕೇಳಿಕೊಳ್ಳಿ: ಹೊರಗಿನ ಅಲಂಕಾರಕ್ಕೆ ಅವಕಾಶವಿದೆಯೇ, ಮೊಳೆ ಹೊಡೆಯಬಹುದೇ, ಹಿಂದಿನ ರಾತ್ರಿ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತಾರೆ, ಏಣಿ ಇದೆಯೇ. ಮುಂಗಡ ಕೊಡುವ ಮುನ್ನ ಕೇಳಿದರೆ ಉತ್ತರ ಸಲೀಸಾಗಿ ಸಿಗುತ್ತದೆ.

ಪೋಣಿಸಲು ಹತ್ತಿಯ ದಾರ ಅಥವಾ ಬಾಳೆನಾರು ಬಳಸಿ. ಮದುವೆ ಮುಗಿದ ಮೇಲೆ ಹೂವು, ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕುವಾಗ ದಾರ ಬಿಡಿಸುವ ಕೆಲಸ ಇರುವುದಿಲ್ಲ. ಬಾಳೆಕಂದು, ದಿಂಡುಗಳನ್ನು ಹಸು ಸಾಕಿದವರು ಸಂತೋಷದಿಂದ ಒಯ್ಯುತ್ತಾರೆ. ಕೊಡುವ ಮುನ್ನ ಗುಂಡುಪಿನ್ನು, ತಂತಿ ಒಂದೂ ಉಳಿದಿಲ್ಲವೆಂದು ನೀವೇ ಕೈಯಾಡಿಸಿ ನೋಡಿ.